ನೀರಿಗಿಳಿಯುವ ವಿಮಾನ

ವಿಜಯಪುರ ಸೀಮೆಯ ಹುಡುಗರು ಈಸು ಕಲಿಯುವದು ಬಹುಮಟ್ಟಿಗೆ ಹೊಳೆಯಲ್ಲಲ್ಲ, ಬಾವಿಯಲ್ಲಿ. ತಿಕೋಟಾ, ಬಬಲೇಶ್ವರಗಳ ಕಡೆಯ ತೋಟದ ಬಾವಿಗಳಲ್ಲಿ ನೀರು ನಿಂತಿರುವ ಕಾಲಕ್ಕೆ, ಒಣಗಿದ ಸೋರೆಯ ಬುರುಡೆಯನ್ನೋ ಹಗುರಾದ ಬೆಂಡನ್ನೋ ಹುಡುಗನ ನಡುವಿಗೆ ಕಟ್ಟಿ ಹಿರಿಯರು ಅವನನ್ನು ನೀರಿಗೆ ಬಿಡುವರು. ಬುರುಡೆಯ ಹೊಟ್ಟೆಯಲ್ಲಿ ಗಾಳಿ ಇರುವವರೆಗೆ ಹುಡುಗನು ತೇಲುವನು. ಎಲ್ಲಿಯಾದರೂ ಸಣ್ಣದೊಂದು ತೂತು ಬಿದ್ದು ನೀರು ಹೊಕ್ಕಿತೆಂದರೆ ಆಧಾರವೇ ಭಾರವಾಗುವದು. ಗಾಳಿಯಲ್ಲಿ ಹಾರಲು ಹುಟ್ಟಿದ ಯಂತ್ರಕ್ಕೆ ಈಸು ಕಲಿಸಬೇಕಾಗಿ ಬಂದಾಗ ಜಗತ್ತಿನ ಯಂತ್ರಶಿಲ್ಪಿಗಳು ಮಾಡಿದ ಕೆಲಸವೂ ತತ್ತ್ವದಲ್ಲಿ ಇದೇ ಆಗಿದೆ. ಅವರು ವಿಮಾನದ ಕಾಲಿಗೆ ಎರಡು ಬುರುಡೆಗಳನ್ನು ಕಟ್ಟಿದರು. ಆದರೆ ಆ ಬುರುಡೆ ಸೋರಿದರೆ ಏನಾಗಬೇಕೆಂಬುದನ್ನು ಕಟ್ಟುವದಕ್ಕೆ ಮೊದಲೇ ಯೋಚಿಸಿದರು. ಈ ಮುಂಧೋರಣೆಯಲ್ಲಿ, ನೀರಿನ ಬಡತನವನ್ನು ತಲೆತಲಾಂತರದಿಂದ ಉಂಡ ಈ ಜಿಲ್ಲೆಗೆ ತಿಳಿಯತಕ್ಕ ಒಂದು ಪಾಠವುಂಟು.

ನೀರಿನಿಂದ ಸ್ವಂತ ಶಕ್ತಿಯ ಮೇಲೆ ಮೊಟ್ಟಮೊದಲು ಮೇಲಕ್ಕೆದ್ದವನು ಫ್ರಾನ್ಸ್ ದೇಶದ ಆನ್ರಿ ಫಾಬ್ರ್ ಎಂಬವನು. 1910ನೆಯ ಇಸವಿಯ ಮಾರ್ಚ್ 28ರಂದು ಮಾರ್ಸೇಲ್ಸ್ ಪಟ್ಟಣಕ್ಕೆ ಸಮೀಪದ ಒಂದು ಸರೋವರದಿಂದ ಅವನು ಹಾರಿದನು. ಅವನ ಯಂತ್ರವು ನೀರಿಗಾಗಿಯೇ ಕಟ್ಟಿದ್ದಾಗಿತ್ತು. ನೆಲದ ವಿಮಾನವನ್ನು ನೀರಿಗೆ ಒಗ್ಗಿಸಿದ ಕೀರ್ತಿ ಅಮೇರಿಕೆಯ ಗ್ಲೆನ್ ಕರ್ಟಿಸ್‌ನಿಗೆ ಸಲ್ಲತಕ್ಕದ್ದು. 1911ರ ಜನವರಿ 26ರಂದು ಅವನು ಸ್ಯಾನ್ ಡಿಯೇಗೋ ಕೊಲ್ಲಿಯಲ್ಲಿ, ಗಾಲಿಗಳ ಸ್ಥಾನದಲ್ಲಿ ತೇಲುವ ಪೆಟ್ಟಿಗೆಯನ್ನು ಜೋಡಿಸಿದ ತನ್ನ ವಿಮಾನವನ್ನು ನೀರಿನಿಂದೆತ್ತಿ ಮರಳಿ ನೀರಿಗಿಳಿಸಿದನು. ಅದೇ ವರ್ಷ ಗಾಲಿಗಳನ್ನೂ ಕೂಡಿಸಿ ನೆಲ ನೀರು ಎರಡಕ್ಕೂ ಸಲ್ಲುವಂತೆ ಮಾಡಿದನು. ಇಂಗ್ಲಿಷರು ಫ್ಲೋಟು ಎಂದು ಕರೆಯುವ ಈ ಅಂಗಕ್ಕೆ ಕನ್ನಡದಲ್ಲಿ ತೇಲುದೋಣಿಯೆಂಬ ಹೆಸರು ಒಪ್ಪುವದು. ತನ್ನ ಒಡಲೇ ದೋಣಿಯಾಗಿರುವ ದೊಡ್ಡ ವಿಮಾನದ ಜಾತಿ ಬೇರೆ. ಅದನ್ನು ಹಾರುದೋಣಿ ಎನ್ನಬಹುದು. ಇಲ್ಲಿ ಮುಖ್ಯವಾಗಿ ಹೇಳತಕ್ಕದ್ದು, ಗಾಲಿಯ ಮೇಲೆ ಓಡಾಡುವ ಸಣ್ಣ ವಿಮಾನವು ತೇಲುದೋಣಿಯನ್ನು ಮೆಟ್ಟಿ ನೀರಿನ ವಾಹನವಾಗುವ ಬಗೆಯನ್ನು.

ಇಂಥ ಮಾರ್ಪಾಟಿನ ಅವಶ್ಯಕತೆಯಾದರೂ ಏನೆಂದು ಕೆಲವರು ಕೇಳಬಹುದು. ಅದಕ್ಕೆ ಫ್ರಾನ್ಸಿಸ್ ಚಿಚೆಸ್ಟರ್ ಎಂಬ ಆಂಗ್ಲ ಸಾಹಸಿಯ ವೃತ್ತಾಂತವೇ ಉತ್ತರವಾಗಿದೆ. 1931ರಲ್ಲಿ ಅವನು ನ್ಯೂಜೀಲೆಂಡಿನಿಂದ ಆಸ್ಟ್ರೇಲಿಯಕ್ಕೆ ಟಾಸ್ಮನ್ ಸಮುದ್ರದ ಮೇಲೆ ಒಬ್ಬನೇ ಹಾರಬೇಕೆಂದು ನಿಶ್ಚಯಿಸಿದನು. ಅವನಲ್ಲಿದ್ದುದು ಜಿಪ್ಸಿ ಮಾಥ್ ಎಂಬ ಪುಟ್ಟ ವಿಮಾನ. ಅಷ್ಟು ದೂರಕ್ಕೆ ಬೇಕಾಗುವ ಎಣ್ಣೆಯನ್ನು ಅದು ಹೊರಲಾರದು. ನಡುವೆ ನಾರ್ಫೋಕ್, ಲಾರ್ಡ್ ಹೌ ಎಂಬ ಎರಡು ನಡುಗಡ್ಡೆಗಳಿದ್ದವು. ಆದರೆ ಎರಡರಲ್ಲಿಯೂ ವಿಮಾನವಿಳಿಯುವ ಬಯಲಿರಲಿಲ್ಲ. ಹೀಗಿರಲು ಅವನು ತೇಲುದೋಣಿಗಳನ್ನು ಎರವಲು ತಂದು ವಿಮಾನಕ್ಕೆ ಕಟ್ಟಿದನು. ನೆಲವಿಲ್ಲದಲ್ಲಿ ನೀರೇ ಅವನಿಗೆ ನೆಲವಾಯಿತು. ಮಾರ್ಚ್ ತಿಂಗಳ ಕೊನೆಗೆ ಹೊರಟವನು ಒಂದೊಂದಾಗಿ ಎರಡು ನಡುಗಡ್ಡೆಗಳನ್ನೂ ಮುಟ್ಟಿದನು. ದಾರಿಯುದ್ದಕ್ಕೂ ಸೋರುವ ತೇಲುದೋಣಿಯ ಕಾಟ ಅವನಿಗೆ ತಪ್ಪಲಿಲ್ಲ. ಲಾರ್ಡ್ ಹೌ ದ್ವೀಪದಲ್ಲಿ ಲಂಗರಿಗೆ ಕಟ್ಟಿದ ವಿಮಾನವನ್ನು ರಾತ್ರಿಯ ಬಿರುಗಾಳಿಯು ಬುಡಮೇಲು ಮಾಡಿತು. ಮುರಿದ ಭಾಗಗಳನ್ನು ದ್ವೀಪದ ಜನರ ನೆರವಿನಿಂದ ತಾನೇ ಮತ್ತೆ ಕಟ್ಟಿ ಜೋಡಿಸಿ, ಜೂನ್ ತಿಂಗಳಲ್ಲಿ ಅವನು ಆಸ್ಟ್ರೇಲಿಯದ ತೀರವನ್ನು ಸೇರಿದನು. ತೇಲುದೋಣಿಯು ಕೊಡುವ ಸ್ವಾತಂತ್ರ್ಯವೂ ಅದು ಕೇಳುವ ಬೆಲೆಯೂ ಈ ಒಂದು ಪಯಣದಲ್ಲಿ ಸಂಪೂರ್ಣವಾಗಿ ಕಾಣುವವು.

ಇನ್ನು ಮಾರ್ಪಾಟಿನ ಕ್ರಮ. ವಿಮಾನವನ್ನು ಎತ್ತುಗೊಂಡಿಗಳಿಂದ ಮೇಲಕ್ಕೆತ್ತಿ ಹಿಡಿದು, ಗಾಲಿ, ಅಚ್ಚು, ತಡೆ ಇವುಗಳನ್ನು ಕಳಚುವರು. ಎರಡು ತೇಲುದೋಣಿಗಳನ್ನು ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಸರಿಯಾದ ಅಂತರದಲ್ಲಿ ಬಿಗಿದು, ಓರೆಯಾದ ಊರುಗೋಲುಗಳಿಂದಲೂ ಬಿಗಿತಂತಿಗಳಿಂದಲೂ ಒಡಲಿಗೆ ಜೋಡಿಸುವರು. ಒರಟು ನೀರಿನ ಪೆಟ್ಟು ಈ ಊರುಗೋಲುಗಳ ಮೂಲಕ ಒಡಲಿಗೇ ತಾಗುವದರಿಂದ ಹಲವು ವಿಮಾನಗಳಲ್ಲಿ ಒಳಗಿನ ಚೌಕಟ್ಟಿಗೂ ಹೆಚ್ಚಿನ ಆಸರೆ ಕೊಡಬೇಕಾಗುವದು. ತೇಲುದೋಣಿಗಳ ಹಿಂದುಗಡೆಗೆ ಸಣ್ಣ ನೀರುಚುಕ್ಕಾಣಿಗಳಿರುವವು. ಹಾರುವಾಗ ಇವನ್ನು ಮೇಲಕ್ಕೆಳೆದುಕೊಳ್ಳುವರು, ನೀರಿನ ಮೇಲೆ ಮೆಲ್ಲಗೆ ಸಾಗುವಾಗ ಕೆಳಗೆ ಬಿಡುವರು. ತೇಲುದೋಣಿಯ ಮೂತಿಯು ಮುಂದಕ್ಕೆ ಚಾಚಿಕೊಂಡಿರುವದರಿಂದ ಗಾಳಿಯು ವಿಮಾನದ ಮುಖವನ್ನು ಪಕ್ಕಕ್ಕೆ ತಿರುವಲು ನೋಡುವದು. ಅದನ್ನು ಸರಿದೂಗಿಸಲು ಎಷ್ಟೋ ವಿಮಾನಗಳ ಬಾಲಕ್ಕೆ ಹೆಚ್ಚಿನದೊಂದು ರೆಕ್ಕೆತುಂಡನ್ನು ಕೂಡಿಸುವರು. ನೀರಿನ ಹಿಡಿತವನ್ನು ಬಿಡಿಸಿಕೊಂಡು ಏಳಲು ಹೆಚ್ಚಿನ ಸೆಳೆತ ಬೇಕಾದದ್ದರಿಂದ ಪಂಕವನ್ನೂ ಅದಕ್ಕೆ ತಕ್ಕಂತೆ ಬದಲಿಸುವರು. ಕಡೆಗೆ ವಿಮಾನವನ್ನು ಹೊಸದಾಗಿ ತೂಗಿ, ಭಾರದ ಕೇಂದ್ರವು ಎಲ್ಲಿ ನಿಂತಿತೆಂದು ಲೆಕ್ಕ ಹಾಕಿ, ಅಧಿಕಾರಿಗಳ ಒಪ್ಪಿಗೆ ಪಡೆದಲ್ಲದೆ ಹಾರಿಸತಕ್ಕದ್ದಲ್ಲ.

ತೇಲುದೋಣಿಯ ತಳವನ್ನು ನೋಡಿದರೆ ಅದು ಹೊಳೆಯ ಹರಿಗೋಲಿನಂತೆ ಸಪಾಟಾಗಿರುವದಿಲ್ಲ. ನಡುವೆ ಏಣು, ಎರಡೂ ಕಡೆಗೆ ಇಳಿಜಾರು. ಅರ್ಧಕ್ಕೆ ತುಸು ಹಿಂದೆ ತಳವು ಥಟ್ಟನೆ ಒಂದು ಮೆಟ್ಟಲಿನಂತೆ ಮೇಲಕ್ಕೇರುವದು. ನೋಡುವವರಿಗೆ ಇದು ಕಟ್ಟಿದವನ ತಪ್ಪೆಂದು ತೋರಬಹುದು. ಆದರೆ ಏಳುವ ಗುಟ್ಟೆಲ್ಲ ಈ ಮೆಟ್ಟಲಿನಲ್ಲಿದೆ. ನೀರಿಗೆ ಅಂಟಿಕೊಳ್ಳುವ ಸ್ವಭಾವವುಂಟು. ನುಣುಪಾದ ತಳವನ್ನು ಅದು ಸುಲಭಕ್ಕೆ ಬಿಡದು. ವಿಮಾನವು ವೇಗ ಪಡೆದಂತೆ ತೇಲುದೋಣಿಯು ನೀರನ್ನು ಸೀಳುವದನ್ನು ಬಿಟ್ಟು ಅದರ ಮೇಲೆ ಜಾರತೊಡಗುವದು. ಆಗ ಮೆಟ್ಟಲಿನ ಹಿಂದೆ ಗಾಳಿ ನುಗ್ಗಿ ನೀರಿನ ಅಂಟು ಬಿಡುವದು. ಅಚ್ಚರಿಯ ಮಾತೆಂದರೆ, ಕನ್ನಡಿಯಂತೆ ನಿಶ್ಚಲವಾದ ನೀರು ವೈಮಾನಿಕನಿಗೆ ಮಿತ್ರನಲ್ಲ. ಏಳುವಾಗ ಅದು ಬಿಡಲೊಲ್ಲದು. ಇಳಿಯುವಾಗ ಆಕಾಶವನ್ನೇ ಪ್ರತಿಬಿಂಬಿಸಿ, ನೀರು ಎಷ್ಟು ಕೆಳಗಿದೆಯೆಂಬ ಅಂದಾಜನ್ನೇ ಕೆಡಿಸಿಬಿಡುವದು. ಸಣ್ಣ ತೆರೆಗಳೆದ್ದ ನೀರೇ ಮೇಲು. ನೀರಿನ ಮೇಲೆ ತಡೆಯೆಂಬುದು ಇಲ್ಲವಾದ್ದರಿಂದ ಯಂತ್ರವು ನಡೆಯುತ್ತಿರುವಷ್ಟು ಹೊತ್ತು ವಿಮಾನವು ಮುಂದೆ ಸರಿಯುತ್ತಲೇ ಇರುವದು. ಯಂತ್ರ ನಿಂತರೆ ಗಾಳಿಗೆ ಮುಖವೊಡ್ಡಿ ಹಿಂದಕ್ಕೆ ತೇಲುವದು. ಹಾರುವವನು ಇಲ್ಲಿ ಅಂಬಿಗನ ವಿದ್ಯೆಯನ್ನೂ ಕಲಿಯಲೇಬೇಕು.

ಇಷ್ಟೆಲ್ಲಕ್ಕೂ ಬೆಲೆ ತೆರಬೇಕಾದದ್ದು ತೂಕದಲ್ಲಿ. ಕಳಚಿದ ಗಾಲಿಗಳಿಗಿಂತ ಕಟ್ಟಿದ ತೇಲುದೋಣಿಗಳು ಭಾರವಾದವು. ಆ ಹೆಚ್ಚಳವು ಪ್ರಯಾಣಿಕನಿಂದಲೋ ಸಾಮಾನಿನಿಂದಲೋ ಎಣ್ಣೆಯಿಂದಲೋ ಕಳೆಯತಕ್ಕದ್ದು. ಗಾಳಿಗೆ ಹೆಚ್ಚು ಮೈಯೊಡ್ಡುವದರಿಂದ ವೇಗವೂ ಕಡಿಮೆಯಾಗುವದು. ತೇಲುದೋಣಿಗೆ ಗಾಲಿಯನ್ನೂ ಸೇರಿಸಿ ಉಭಯಚರವನ್ನಾಗಿ ಮಾಡಿದರೆ ತೂಕ ಮತ್ತಷ್ಟು ಏರುವದು. ಮೇಲಾಗಿ, ಗಾಲಿಯನ್ನು ಮಡಿಚಲು ಮರೆತು ನೀರಿಗಿಳಿದರೆ ವಿಮಾನವು ಮುಗ್ಗರಿಸಿ ಮಗುಚಿಬೀಳುವದು. ಉಪ್ಪುನೀರು ಲೋಹದ ವೈರಿ. ಸಮುದ್ರದಿಂದ ಬಂದ ವಿಮಾನವನ್ನು ಸಿಹಿನೀರಿನಿಂದ ತೊಳೆಯದೆ ಬಿಡಲಾಗದು. ಬಬಲೇಶ್ವರದ ಕಡೆಯ ಡೋಣಿ ಹೊಳೆಯ ನೀರಿನ ಉಪ್ಪನ್ನು ಬಲ್ಲವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿದಿನವೂ ಹಾರುವದಕ್ಕೆ ಮೊದಲು ತೇಲುದೋಣಿಯ ಒಂದೊಂದು ಕೋಣೆಗೂ ಕೈಪಂಪು ಹಚ್ಚಿ, ಜಿನುಗಿದ ನೀರನ್ನು ಹೊರಗೆ ತೆಗೆಯತಕ್ಕದ್ದು. ಒಂದು ಕೊಡ ನೀರಿನ ಭಾರ ಎಷ್ಟೆಂಬುದನ್ನು ದೂರದಿಂದ ಹೊತ್ತು ತಂದವರೇ ಬಲ್ಲರು. ವೈಮಾನಿಕನೂ ಅದನ್ನು ಅಷ್ಟೇ ಚೆನ್ನಾಗಿ ಬಲ್ಲನು.

ಈಗ ಕೋಣೆಗಳ ವಿಷಯ. ತೇಲುದೋಣಿಯು ಹೊರಗೆ ಒಂದೇ ಬುರುಡೆಯಂತೆ ಕಂಡರೂ ಒಳಗೆ ಅಡ್ಡಗೋಡೆಗಳಿಂದ ಹಲವು ಕೋಣೆಗಳಾಗಿ ಒಡೆದಿರುವದು. ಒಂದರ ನೀರು ಇನ್ನೊಂದಕ್ಕೆ ಹೋಗದು. ಸಣ್ಣ ವಿಮಾನಗಳ ವಿಷಯದಲ್ಲಿ ಅಮೇರಿಕೆಯವರು ಬಹುಕಾಲ ಪಾಲಿಸಿದ ನಿಯಮವಿದು: ವಿಮಾನದ ಪರಮಾವಧಿ ತೂಕವನ್ನು ಸಿಹಿನೀರಿನಲ್ಲಿ ಹೊರಲು ಎಷ್ಟು ತೇಲುಬಲ ಬೇಕೋ ಅದಕ್ಕಿಂತ ನೂರಕ್ಕೆ 80 ಪಾಲು ಹೆಚ್ಚು ತೇಲುಬಲವಿರಬೇಕು, ಯಾವ ಎರಡು ಕೋಣೆಗಳಲ್ಲಿ ನೀರು ತುಂಬಿದರೂ ವಿಮಾನವು ಮಗುಚದೆ ತೇಲುತ್ತಿರಬೇಕು. ಉದಾಹರಣೆಗೆ, ಪೂರ್ತಿ ಮುಳುಗಿದಾಗ ತಲಾ 2000 ಪೌಂಡು ನೀರನ್ನು ಸರಿಸುವ ಎರಡು ತೇಲುದೋಣಿಗಳಿದ್ದರೆ ಒಟ್ಟು ಬಲ 4000 ಪೌಂಡು. ಆದರೆ ಅವುಗಳ ಮೇಲೆ ಏರಿಸಬಹುದಾದ ವಿಮಾನದ ತೂಕ ಸುಮಾರು 2222 ಪೌಂಡು ಮಾತ್ರ. ಉಳಿದದ್ದೆಲ್ಲ ಆಪತ್ತಿನ ಪಾಲು. ಶುಭದಿನದ ಲೆಕ್ಕದಲ್ಲಿ ಅದು ವ್ಯರ್ಥವೆಂದು ತೋರುವದು. ಬಂಡೆ ತಾಗಿದ ದಿನ ಆ ವ್ಯರ್ಥವೇ ಪ್ರಾಣವನ್ನುಳಿಸುವದು.

ಭಾರತದ ನೀರು ಇಂಥ ವಿಮಾನಗಳಿಗೆ ಹೊಸದಲ್ಲ. 1938ರ ಸುಮಾರಿಗೆ ಇಂಗ್ಲೆಂಡಿನಿಂದ ಪೂರ್ವದೇಶಗಳಿಗೆ ಹೋಗುತ್ತಿದ್ದ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ಹಾರುದೋಣಿಗಳು ಕರಾಚಿಯನ್ನು ಬಿಟ್ಟ ಮೇಲೆ ಮೇವಾಡದ ರಾಜಸಮಂದದಲ್ಲಿಯೂ ಗ್ವಾಲಿಯರಿನಲ್ಲಿಯೂ ಅಲಹಾಬಾದಿನಲ್ಲಿಯೂ ಇಳಿದು ಕಲಕತ್ತೆಗೆ ಸಾಗುತ್ತಿದ್ದವು. ರಾಜಸಮಂದವು 17ನೆಯ ಶತಮಾನದಲ್ಲಿ ಮಹಾರಾಣಾ ರಾಜಸಿಂಹನು ಕಟ್ಟಿಸಿದ ಕೆರೆ. ಬರದ ನಾಡಿನಲ್ಲಿ ಜನರಿಗಾಗಿ ಕಟ್ಟಿದ ನೀರು ಮುನ್ನೂರು ವರ್ಷ ತುಂಬುವ ಮೊದಲೇ ಆಕಾಶಯಾನಕ್ಕೂ ಒದಗಿತು.

ಕನ್ನಡ ನಾಡಿನ ನಿದರ್ಶನ ಬೆಂಗಳೂರಿನದು. ವಾಲಚಂದ ಹೀರಾಚಂದರ ಉದ್ಯಮದಿಂದಲೂ ಮೈಸೂರು ಸರಕಾರದ ನೆರವಿನಿಂದಲೂ 1940ರ ಡಿಸೆಂಬರಿನಲ್ಲಿ ಅಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಸ್ಥಾಪಿತವಾಯಿತು. ಎರಡನೆಯ ಮಹಾಯುದ್ಧದ ಕಾಲಕ್ಕೆ ಕ್ಯಾಟಲಿನಾ ಎಂಬ ಹಾರುದೋಣಿಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿದು, ಆ ಕಾರ್ಖಾನೆಯವರಿಂದ ದುರಸ್ತಿ ಹೊಂದಿ, ಮತ್ತೆ ಆ ನೀರಿನಿಂದಲೇ ಏಳುತ್ತಿದ್ದವು. ಸಮುದ್ರದಿಂದ ಅಷ್ಟು ದೂರದಲ್ಲಿ, ಎತ್ತರದ ಬಯಲುಸೀಮೆಯಲ್ಲಿ, ಸಾಗರಗಳ ಮೇಲೆ ಕಾವಲು ತಿರುಗುವ ವಿಮಾನಗಳಿಗೆ ಒಂದು ಕೆರೆ ಆಸರೆಯಾಯಿತೆಂಬುದು ಕೆರೆ ಕಟ್ಟಿದವರ ಕನಸಿನಲ್ಲಿಯೂ ಇದ್ದಿರಲಾರದು. ಆದರೆ ಅದೇ ಬೆಳ್ಳಂದೂರು ಕೆರೆ ಮುಂದೆ ನಗರದ ಕೊಳಚೆಯನ್ನು ನುಂಗಿ ನುಂಗಿ ನೊರೆಯುಕ್ಕಿಸಿತು. 2017ರಲ್ಲಿಯೂ 2018ರಲ್ಲಿಯೂ ಅಲ್ಲಿ ಬೆಂಕಿಯೆದ್ದುದನ್ನು ಲೋಕವೆಲ್ಲ ನೋಡಿತು. ವಿಮಾನಗಳನ್ನು ಹೊತ್ತ ನೀರು ಬಾತುಕೋಳಿಗೂ ಒಲ್ಲದ ನೀರಾಯಿತು. ಕೆರೆಯನ್ನು ಪಡೆಯುವದಕ್ಕಿಂತ ಉಳಿಸಿಕೊಳ್ಳುವದೇ ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಚೆಗೆ ಈ ವಿದ್ಯೆಯ ಮೇಲೆ ದೇಶದ ಗಮನ ಮತ್ತೆ ಹರಿದಿದೆ. 2010ರ ಕೊನೆಗೆ ಅಂಡಮಾನ್ ದ್ವೀಪಗಳಲ್ಲಿ ಸಣ್ಣ ಉಭಯಚರ ವಿಮಾನವೊಂದು ಸಂಚಾರವನ್ನಾರಂಭಿಸಿತು. 2013ರಲ್ಲಿ ಕೇರಳದ ಅಷ್ಟಮುಡಿ ಕಾಯಲಿನಲ್ಲಿ ಇಂಥ ಸೇವೆಯನ್ನು ಉದ್ಘಾಟಿಸಿದಾಗ, ಬಲೆ ಬೀಸುವ ನೀರನ್ನು ತಮ್ಮಿಂದ ಕಸಿದುಕೊಳ್ಳುವರೆಂದು ಮೀನುಗಾರರು ಎದುರುನಿಂತರು, ಸೇವೆಯು ಮುಂದುವರಿಯಲಿಲ್ಲ. 2020ರ ಅಕ್ಟೋಬರ್ 31ರಂದು ಅಹಮದಾಬಾದಿನ ಸಾಬರಮತಿಯಿಂದ ಕೇವಡಿಯಾಕ್ಕೆ ಆರಂಭವಾದ ಸೇವೆಯು ಮರುವರ್ಷವೇ ನಿಂತಿತು. 2024ರ ನವೆಂಬರ್ 9ರಂದು ವಿಜಯವಾಡದಿಂದ ಶ್ರೀಶೈಲಕ್ಕೆ ಟ್ವಿನ್ ಆಟರ್ ಎಂಬ ವಿಮಾನವು ಪ್ರಾತ್ಯಕ್ಷಿಕೆಯಾಗಿ ಹಾರಿತು. ಇದು ಸಹ ನೆಲದ ವಿಮಾನವಾಗಿ ಹುಟ್ಟಿ ತೇಲುದೋಣಿಯನ್ನು ಮೆಟ್ಟಿದ್ದು. ಚಿಚೆಸ್ಟರನ ಮಾಥ್ ವಿಮಾನವನ್ನು ಕಟ್ಟಿದ ಡಿ ಹ್ಯಾವಿಲೆಂಡ್ ಮನೆತನದ ಕೆನಡಾ ಶಾಖೆಯ ಕೃತಿ.

ಈ ಕೊನೆಯ ಹಾರಾಟವು ವಿಜಯಪುರದವರಿಗೆ ದೂರದ ಸುದ್ದಿಯಲ್ಲ. ಅದು ಎದ್ದದ್ದು ಕೃಷ್ಣೆಯ ನೀರಿನಿಂದ, ಇಳಿದದ್ದೂ ಕೃಷ್ಣೆಯ ನೀರಿಗೆ. ಆಲಮಟ್ಟಿಯ ಕಟ್ಟೆಯನ್ನು ದಾಟಿದ ನದಿಯೇ ಕೆಳಗೆ ಶ್ರೀಶೈಲದ ಜಲಾಶಯವನ್ನು ತುಂಬುವದು. ಅದೇ ನದಿಯ ನೀರನ್ನು ಯಂತ್ರಗಳಿಂದೆತ್ತಿ, ತುಬಚಿ–ಬಬಲೇಶ್ವರ, ಮುಳವಾಡ ಮುಂತಾದ ಏತ ನೀರಾವರಿಗಳ ಮೂಲಕ ಈ ಕಡೆಯ ಕೆರೆಗಳಿಗೂ ಹೊಲಗಳಿಗೂ ಸಾಗಿಸುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ತಿಕೋಟಾದ ದ್ರಾಕ್ಷಿಯ ತೋಟಗಳಲ್ಲಿ, ಬೇಸಿಗೆಯಲ್ಲಿ ಟ್ಯಾಂಕರಿನ ನೀರನ್ನು ಕೊಂಡು ಬಳ್ಳಿಯ ಜೀವ ಹಿಡಿದ ರೈತನಿಗೆ ಈ ನೀರಿನ ಅರ್ಥವೇನೆಂದು ಹೇಳುವದು ಅನವಶ್ಯಕ. ಬಬಲೇಶ್ವರ ತಾಲೂಕಿನ ಮಮದಾಪುರದಲ್ಲಿ 1633ರಲ್ಲಿ ಮುಹಮ್ಮದ ಆದಿಲಶಾಹನು ಕಟ್ಟಿಸಿದ ದೊಡ್ಡ ಕೆರೆಯುಂಟು. ತುಂಬಿದ ವರ್ಷ ಅದರ ಏರಿಯ ಮೇಲೆ ನಿಂತು ನೋಡಿದವರಿಗೆ, ಇಲ್ಲಿಯೂ ಒಂದು ಸಣ್ಣ ವಿಮಾನವು ತೇಲುದೋಣಿಗಳನ್ನು ಊರಿ ಇಳಿಯಬಹುದಲ್ಲವೇ ಎಂಬ ಯೋಚನೆ ಸಹಜವಾಗಿಯೇ ಬರುವದು.

ಈ ಯೋಚನೆಯನ್ನು ಆ ಊರ ಹಿರಿಯರ ಮುಂದೆ ಇಟ್ಟರೆ ಅವರು ನಗಲಾರರು, ಸಿಟ್ಟಾಗಲೂ ಆರರು, ಕೇಳುವದು ಒಂದೇ ಪ್ರಶ್ನೆ: "ಇಳೀಲಿ ಬಿಡ್ರಿ ಸಾಹೇಬ್ರ, ಬ್ಯಾಡ ಅನ್ನಾಂಗಿಲ್ಲ, ಬ್ಯಾಸಗ್ಯಾಗ ನೀರ ಎಲ್ಲಿಂದ ತರ್ತೀರಿ?" ಈ ಪ್ರಶ್ನೆಯಲ್ಲಿ ವಿಮಾನಶಾಸ್ತ್ರದ ಅರ್ಧ ಅಡಗಿದೆ. ತೇಲುದೋಣಿಯ ವಿಮಾನವು ನೀರನ್ನು ಕುಡಿಯುವದಿಲ್ಲ. ನೀರು ಇರಬೇಕೆಂದಷ್ಟೇ ಕೇಳುವದು. ಆದರೆ ಅದು ಆಷಾಢದಲ್ಲಿಯೂ ಇರಬೇಕು, ವೈಶಾಖದಲ್ಲಿಯೂ ಇರಬೇಕು. ಓಡಲು ಸಾಲುವಷ್ಟು ಉದ್ದವೂ ತಳ ತಾಗದಷ್ಟು ಆಳವೂ ವರ್ಷವಿಡೀ ಉಳಿಯಬೇಕು. ರೈತನೂ ಇದನ್ನೇ ಕೇಳುವನು. ಕೊಡ ಹಿಡಿದ ಹೆಣ್ಣುಮಗಳೂ ದನ ಕಾಯುವ ಹುಡುಗನೂ ಇದನ್ನೇ ಕೇಳುವರು. ಆದ್ದರಿಂದ ವಿಮಾನಕ್ಕೂ ಊರಿಗೂ ವ್ಯಾಜ್ಯವಿರಬೇಕೆಂದಿಲ್ಲ. ಆದರೆ ಸರದಿ ತಪ್ಪಬಾರದು. ಕುಡಿಯುವ ನೀರಿನ ಕೆರೆಯಲ್ಲಿ ಎಣ್ಣೆಯ ಹನಿ ಬೀಳದಂತೆ, ಮೀನುಗಾರನ ಬಲೆಗೂ ಹಕ್ಕಿಯ ಗೂಡಿಗೂ ಕೇಡಾಗದಂತೆ ಮೊದಲು ಕಟ್ಟಳೆಯಾಗಿ, ಅನಂತರವೇ ಅತಿಥಿಗೆ ಕರೆ ಹೋಗಬೇಕು. ಅಷ್ಟಮುಡಿಯಲ್ಲಿ ಸಮಾಧಾನ ಪಡೆಯದೆ ಉಳಿದದ್ದು ಮೀನುಗಾರರ ಇಂಥದೇ ಅಂಜಿಕೆ.

ಇದಕ್ಕಿಂತ ದೊಡ್ಡ ಪಾಠ ಕೋಣೆಗಳದು. ಆದಿಲಶಾಹೀ ವಿಜಯಪುರವು ಒಂದೇ ನೀರನ್ನು ನಂಬಿದ ಊರಾಗಿರಲಿಲ್ಲ. ತೊರವಿಯ ಕಡೆಯಿಂದ ನೀರು ಬರುತ್ತಿತ್ತು. 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಮತ್ತೊಂದು ಧಾರೆ ಹರಿಯುತ್ತಿತ್ತು. ದಾರಿಯಲ್ಲಿ ನಿಲ್ಲಿಸಿದ ಗಂಜ್ ಎಂಬ ಗೋಪುರಗಳು ನೀರಿನ ಒತ್ತಡವನ್ನು ಇಳಿಸಿ ಕೊಳವೆ ಒಡೆಯದಂತೆ ಕಾಯುತ್ತಿದ್ದವು, ಕೆಸರನ್ನು ತಳಕ್ಕಿಳಿಸುತ್ತಿದ್ದವು. ಇವಲ್ಲದೆ 1620ರ ತಾಜ್ ಬಾವಡಿಯೇ ಮೊದಲಾದ ಅನೇಕ ಬಾವಡಿಗಳೂ ಮನೆಮನೆಯ ಬಾವಿಗಳೂ ಇದ್ದವು. ತೇಲುದೋಣಿಯ ಮಾತಿನಲ್ಲಿ ಹೇಳುವದಾದರೆ, ಆ ನಗರವು ಹಲವು ಕೋಣೆಗಳ ಮೇಲೆ ತೇಲುತ್ತಿತ್ತು. ಒಂದು ಬತ್ತಿದರೆ ಇನ್ನೊಂದು ಹೊರುತ್ತಿತ್ತು. ಕೊಳವೆಯ ನೀರು ಮನೆಗೆ ಬಂದ ಮೇಲೆ ಬಾವಡಿಗಳು ಕಸದ ತಿಪ್ಪೆಗಳಾದವು. ಈಚಿನ ವರ್ಷಗಳಲ್ಲಿ ಅವುಗಳ ಹೂಳೆತ್ತುವ ಕೆಲಸ ನಡೆದದ್ದು ಮೆಚ್ಚತಕ್ಕ ಸಂಗತಿ. ಆದರೆ ಹೂಳೆತ್ತಿದ ಬಾವಡಿಯನ್ನು ಬಳಸದಿದ್ದರೆ ಅದು ಮತ್ತೆ ತಿಪ್ಪೆಯಾಗಲು ಬಹುಕಾಲ ಬೇಡ.

ಇಂದು ಕೃಷ್ಣೆಯ ನೀರು ಮೇಲೆ ಬಂದಿದೆಯೆಂದು ಜನರು ಹರ್ಷಪಡುವದು ನ್ಯಾಯವೇ ಆಗಿದೆ. ಆದರೆ ತಿಕೋಟಾದ ಕೆರೆ, ಬಬಲೇಶ್ವರದ ಕಾಲುವೆ, ನಗರದ ನಲ್ಲಿ ಎಲ್ಲವೂ ಒಂದೇ ನದಿಯಿಂದ ತುಂಬುವದಾದರೆ, ಹೊರಗೆ ಹಲವಾಗಿ ಕಂಡರೂ ಅವು ಅಡ್ಡಗೋಡೆಯಿಲ್ಲದ ಒಂದೇ ಬುರುಡೆ. ಸಹ್ಯಾದ್ರಿಯಲ್ಲಿ ಒಂದು ವರ್ಷ ಮಳೆ ಕೈಕೊಟ್ಟರೆ, ಏತದ ಯಂತ್ರವು ಒಂದು ತಿಂಗಳು ನಿಂತರೆ, ಎಲ್ಲ ಕೋಣೆಗಳೂ ಒಟ್ಟಿಗೇ ಬರಿದಾಗುವವು. ಊರ ಹಳ್ಳದ ಒಡ್ಡು, ಹೊಲದ ಬದು, ಮನೆಯ ಮಾಳಿಗೆಯಿಂದ ಹರಿದು ಬಂದ ಮಳೆನೀರು ಇಂಗುವ ಬಾವಿ, ಹಳೆಯ ಬಾವಡಿ ಇವೆಲ್ಲ ಕೃಷ್ಣೆಯ ನೀರಿನ ಮುಂದೆ ಅಲ್ಪವೆಂದು ತೋರಬಹುದು. ಆದರೆ ಇವು ಒಂದನ್ನೊಂದು ಅವಲಂಬಿಸದ ಕೋಣೆಗಳು. ನೂರಕ್ಕೆ 80ರ ಆ ಆಪತ್ತಿನ ಪಾಲು ಇವುಗಳಲ್ಲಿಯೇ ಕೂಡಿಬರತಕ್ಕದ್ದು. ಐದಾರು ಜನ ಕೂಡುವ ಒಂದು ಸಣ್ಣ ವಿಮಾನಕ್ಕಾಗಿ ಇಷ್ಟು ಮುಂದಾಲೋಚನೆಯನ್ನು ಕಾನೂನು ಕೇಳುವದಾದರೆ, ಲಕ್ಷಗಟ್ಟಲೆ ಜನರನ್ನು ಹೊತ್ತ ಜಿಲ್ಲೆಗೆ ಅದಕ್ಕಿಂತ ಕಡಿಮೆ ಸಾಲದು.

ಮಮದಾಪುರದ ಕೆರೆಯ ಮೇಲೆ ಎಂದಾದರೂ ವಿಮಾನವು ಇಳಿಯುವದೋ ಇಲ್ಲವೋ, ಅದು ದೊಡ್ಡ ಮಾತಲ್ಲ. ಕೊನೆಯ ಮಳೆ ಬಿದ್ದು ಏಳು ತಿಂಗಳಾದ ಮೇಲೆ, ವೈಶಾಖದ ನಡುಹಗಲಿನಲ್ಲಿ, ವಿಮಾನವು ಇಳಿಯಬಹುದಾದಷ್ಟು ನೀರು ಅಲ್ಲಿ ನಿಂತಿತ್ತೆಂದರೆ ಸಾಕು. ಆ ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಯಾರೂ ಟ್ಯಾಂಕರಿನ ದಾರಿ ಕಾಯಬೇಕಾಗಿಲ್ಲ.